ರಕ್ತದ ಹನಿಯಲ್ಲಿ ವೈರಸ್ಸಿನ ಸುಳಿವು

ಮಳೆಗಾಲ ಬಂತೆಂದರೆ ನಮ್ಮ ಊರುಗಳ ಆಸ್ಪತ್ರೆಗಳ ಮುಂದೆ ಸಾಲು ಉದ್ದವಾಗುತ್ತದೆ. ಜ್ವರ, ಮೈಕೈ ನೋವು, ಕಣ್ಣಿನ ಹಿಂಭಾಗದಲ್ಲಿ ನೋವು ಎಂದು ಬಂದವರಿಗೆ ಡಾಕ್ಟರು ಚೀಟಿಯಲ್ಲಿ ರಕ್ತಪರೀಕ್ಷೆ ಬರೆದುಕೊಡುತ್ತಾರೆ. ಬರುವ ವರದಿಯಲ್ಲಿ ‘ಡೆಂಗಿ ಎನ್‌ಎಸ್-1’ ಎಂಬ ಒಂದು ಸಾಲು ಇರುತ್ತದೆ. ಅದರ ಎದುರು ಪಾಸಿಟಿವ್ ಎಂದಿದ್ದರೆ ಮನೆಮಂದಿಯ ಮುಖ ಸಪ್ಪಗಾಗುತ್ತದೆ. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಹಾಗಾಗಿ ರೋಗದ ಹೆಸರು ನಿಮ್ಮೆಲ್ಲರ ಕಿವಿಗೆ ಬಿದ್ದಿರುತ್ತದೆ. ಆದರೆ ಮಕ್ಕಳೇ, ಈ ಎನ್‌ಎಸ್-1 ಅಂದರೆ ಏನು ಎಂದು ಯಾರಾದರೂ ನಿಮಗೆ ಹೇಳಿದ್ದಾರೆಯೇ?

ವೈರಸ್ಸಿನ ಇನ್ನೊಂದು ಹೆಸರಿರಬೇಕು ಅನ್ನಿಸುತ್ತದೆ, ಅಲ್ಲವೇ? ಹಾಗಲ್ಲ. ಅದು ವೈರಸ್ಸು ನಮ್ಮ ಮೈಯೊಳಗೆ ಸೇರಿಕೊಂಡು ಮಾಡಿಸಿಕೊಳ್ಳುವ ಒಂದು ಪ್ರೋಟೀನು. ಡೆಂಗಿ ವೈರಸ್ಸಿನ ಅಡ್ಡಳತೆ ಸುಮಾರು 50 ನ್ಯಾನೋಮೀಟರ್. ನಿಮ್ಮ ಅಳತೆಪಟ್ಟಿಯ ಒಂದು ಮಿಲಿಮೀಟರಿನೊಳಗೆ ಒತ್ತೊತ್ತಾಗಿ ಸಾಲು ನಿಲ್ಲಿಸಿದರೆ 20,000 ವೈರಸ್ಸುಗಳು ಹಿಡಿಸುತ್ತವೆ. ಇಷ್ಟು ಚಿಕ್ಕದಕ್ಕೆ ತನಗೆ ಬೇಕಾದ್ದನ್ನು ತಾನೇ ತಯಾರಿಸಿಕೊಳ್ಳುವ ಶಕ್ತಿ ಇಲ್ಲ. ಸೊಳ್ಳೆ ಕಚ್ಚಿದಾಗ ಅದು ನಮ್ಮ ಮೈ ಸೇರುತ್ತದೆ, ಜೀವಕೋಶದೊಳಗೆ ನುಗ್ಗುತ್ತದೆ, ತನ್ನ ಆರ್‌ಎನ್‌ಎ ಎಳೆಯನ್ನು ಬಿಚ್ಚುತ್ತದೆ. ಆ ಎಳೆಯಲ್ಲಿ ಸುಮಾರು 10,700 ಅಕ್ಷರಗಳಷ್ಟು ಉದ್ದದ ಸೂಚನೆ ಇದೆ. ಅದನ್ನು ಓದಿ ಕೆಲಸ ಮಾಡುವುದು ಮಾತ್ರ ನಮ್ಮದೇ ಜೀವಕೋಶ!

ಆ ಸೂಚನೆಯ ಪ್ರಕಾರ ಹತ್ತು ಪ್ರೋಟೀನುಗಳು ತಯಾರಾಗುತ್ತವೆ. ಅವುಗಳಲ್ಲಿ ಮೂರು ಹೊಸ ವೈರಸ್ಸುಗಳ ಮೈ ಕಟ್ಟಲು ಹೋಗುತ್ತವೆ. ಉಳಿದ ಏಳಕ್ಕೆ ವೈರಸ್ಸಿನ ಮೈಯಲ್ಲಿ ಜಾಗವಿಲ್ಲ. ಅವು ಜೀವಕೋಶದಲ್ಲಿ ಉಳಿದು ಮರಿವೈರಸ್ಸುಗಳನ್ನು ಮಾಡುವ ಕೆಲಸಕ್ಕೆ ನೆರವಾಗುತ್ತವೆ. ಈ ಏಳರಲ್ಲಿ ಮೊದಲನೆಯದು ಎನ್‌ಎಸ್-1. ಇದಕ್ಕೊಂದು ವಿಶೇಷ ಗುಣವಿದೆ. ಕೋಶದೊಳಗೆ ದುಡಿಯುವುದಷ್ಟೇ ಅಲ್ಲದೆ ದೊಡ್ಡ ಪ್ರಮಾಣದಲ್ಲಿ ಹೊರಕ್ಕೆ ಸುರಿದು ರಕ್ತಕ್ಕೆ ಸೇರುತ್ತದೆ. ಹೊರಬರುವಾಗ ಆರು ಎನ್‌ಎಸ್-1ಗಳು ಒಟ್ಟಿಗೆ ಕೂಡಿಕೊಂಡು, ನಡುವೆ ಒಂದಿಷ್ಟು ಕೊಬ್ಬನ್ನು ಇಟ್ಟುಕೊಂಡು, ಪುಟ್ಟ ಪೀಪಾಯಿಯ ಆಕಾರ ತಾಳುತ್ತವೆ. ಜ್ವರ ಬಂದ ಮೊದಲ ದಿನದಿಂದಲೇ ರಕ್ತದಲ್ಲಿ ಇದನ್ನು ಕಾಣಬಹುದು. ನಮ್ಮ ಮೈ ವೈರಸ್ಸಿನ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಿ ಅವು ಪರೀಕ್ಷೆಯಲ್ಲಿ ಕಾಣುವಷ್ಟಾಗಲು ನಾಲ್ಕೈದು ದಿನ ಬೇಕು. ಅಷ್ಟರೊಳಗೆ ರೋಗವನ್ನು ಗುರುತಿಸಲು ಎನ್‌ಎಸ್-1 ನಮಗೆ ದೊಡ್ಡ ಸಹಾಯ.

ಈ ಪ್ರೋಟೀನು ಸುಮ್ಮನೆ ತೇಲಾಡಿಕೊಂಡು ಇರುವಂಥದ್ದೂ ಅಲ್ಲ. ರಕ್ತನಾಳಗಳ ಒಳಗೋಡೆಯನ್ನು ಇದು ಸಡಿಲಗೊಳಿಸಿ, ರಕ್ತದ ನೀರಿನಂಶ ಹೊರಕ್ಕೆ ಜಿನುಗುವಂತೆ ಮಾಡುತ್ತದೆ ಎಂದು 2015ರಲ್ಲಿ ಪ್ರಕಟವಾದ ಸಂಶೋಧನೆಗಳು ತೋರಿಸಿಕೊಟ್ಟವು. ಡೆಂಗಿಯಲ್ಲಿ ನಿಜವಾಗಿ ಭಯ ಇರುವುದು ಈ ಜಿನುಗುವಿಕೆಯದೇ. ಅದಕ್ಕೂ ಮೊದಲು, 2002ರಲ್ಲಿ, ಥಾಯ್ಲೆಂಡಿನ ಮಕ್ಕಳನ್ನು ನೋಡಿದ ವೈದ್ಯರು ಇನ್ನೊಂದು ಸಂಗತಿ ಗಮನಿಸಿದ್ದರು. ಜ್ವರ ಬಂದ ಮೊದಲ ಮೂರು ದಿನಗಳಲ್ಲಿ ಯಾವ ಮಕ್ಕಳ ರಕ್ತದಲ್ಲಿ ಎನ್‌ಎಸ್-1 ಒಂದು ಮಿಲಿಲೀಟರಿಗೆ 600 ನ್ಯಾನೋಗ್ರಾಂ ಅಥವಾ ಅದಕ್ಕಿಂತ ಹೆಚ್ಚಿತ್ತೋ ಅವರಿಗೆ ಕಾಯಿಲೆ ಮುಂದೆ ಬಿಗಡಾಯಿಸುವ ಸಂಭವ ಜಾಸ್ತಿ ಇತ್ತು.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಈಗ ಹಲವು ಕಡೆ ಬಳಸುವ ಕಾರ್ಡ್ ಪರೀಕ್ಷೆಯಲ್ಲಿ ಬಣ್ಣದ ಗೆರೆ ಮೂಡುತ್ತದೆ ಅಥವಾ ಮೂಡುವುದಿಲ್ಲ. ಎನ್‌ಎಸ್-1 ‘ಇದೆಯೇ’ ಎಂಬ ಪ್ರಶ್ನೆಗೆ ಹದಿನೈದಿಪ್ಪತ್ತು ನಿಮಿಷಗಳಲ್ಲಿ ಅದು ಉತ್ತರ ಕೊಡುತ್ತದೆ. ‘ಎಷ್ಟಿದೆ’ ಎಂದು ಕೇಳಿದರೆ ಅದಕ್ಕೆ ಹೇಳಲು ಬರುವುದಿಲ್ಲ. ಎಷ್ಟಿದೆ ಎಂದು ತಿಳಿಯಲು ರಕ್ತವನ್ನು ಲ್ಯಾಬಿಗೆ ಕಳಿಸಿ ಎಲೈಸಾ ಎಂಬ ಪರೀಕ್ಷೆ ಮಾಡಿಸಬೇಕು. 1971ರಲ್ಲಿ ಸ್ವೀಡನ್ನಿನ ಈವಾ ಎಂಗ್ವಾಲ್ ಮತ್ತು ಪೀಟರ್ ಪರ್ಲ್‌ಮನ್ ಪರಿಚಯಿಸಿದ ಅದ್ಭುತ ವಿಧಾನ ಅದು. ಆದರೆ ಅದಕ್ಕೆ ಗಂಟೆಗಟ್ಟಲೆ ಸಮಯ ಬೇಕು, ಬಣ್ಣ ಅಳೆಯುವ ಯಂತ್ರ ಬೇಕು, ನುರಿತ ಕೈ ಬೇಕು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಜ್ವರದ ಮಗು ಬೆಂಚಿನ ಮೇಲೆ ಕೂತಿರುವಾಗಲೇ, ಬೆರಳತುದಿಯ ಒಂದು ಹನಿಯಿಂದ ‘ಎಷ್ಟು’ ಎಂಬ ಉತ್ತರ ಪಡೆಯಬಹುದೇ? ಜಗತ್ತಿನ ಹಲವಾರು ಪ್ರಯೋಗಾಲಯಗಳು ಈ ಪ್ರಶ್ನೆಯ ಬೆನ್ನು ಹತ್ತಿವೆ. ಅವರು ನೆಚ್ಚಿಕೊಂಡಿರುವುದು ವಿದ್ಯುತ್ತನ್ನು.

ರಕ್ತಕ್ಕೂ ವಿದ್ಯುತ್ತಿಗೂ ಎಲ್ಲಿಯ ನಂಟು? ಅದನ್ನು ತಿಳಿಯಲು ಒಂದು ಪ್ರಯೋಗ ಮಾಡಿ ನೋಡಿ. ಒಂದು ನಿಂಬೆಹಣ್ಣು ತೆಗೆದುಕೊಳ್ಳಿ. ಒಂದು ಕಡೆ ಸತುವಿನ ಲೇಪ ಇರುವ ಮೊಳೆ ಚುಚ್ಚಿ, ಇನ್ನೊಂದು ಕಡೆ ದಪ್ಪ ತಾಮ್ರದ ತಂತಿಯ ತುಂಡು ಚುಚ್ಚಿ. ಒಳಗೆ ಅವೆರಡೂ ಒಂದಕ್ಕೊಂದು ತಾಗಬಾರದು. ನಿಮ್ಮ ಶಾಲೆಯ ಲ್ಯಾಬಿನಲ್ಲಿರುವ ಮಲ್ಟಿಮೀಟರಿನ ಎರಡು ತುದಿಗಳನ್ನು ಮೊಳೆಗೂ ತಂತಿಗೂ ಮುಟ್ಟಿಸಿದರೆ ಒಂದು ವೋಲ್ಟಿಗೆ ತುಸು ಕಡಿಮೆ ತೋರಿಸುತ್ತದೆ. ಸತು ತನ್ನ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ನಿಂಬೆರಸದಲ್ಲಿ ಕರಗುತ್ತದೆ. ಆ ಎಲೆಕ್ಟ್ರಾನುಗಳು ಹೊರಗಿನ ತಂತಿಯ ದಾರಿಯಲ್ಲಿ ತಾಮ್ರದ ಕಡೆಗೆ ಹರಿಯುತ್ತವೆ. ಇಟಲಿಯ ಅಲೆಸಾಂಡ್ರೋ ವೋಲ್ಟಾ 1800ರಲ್ಲಿ ತೋರಿಸಿದ ಬ್ಯಾಟರಿಯ ಒಳಗೂ ನಡೆಯುತ್ತಿದ್ದದ್ದು ಇಂಥದೇ ಕ್ರಿಯೆ. (ಪ್ರಯೋಗ ಮುಗಿದ ಮೇಲೆ ಆ ನಿಂಬೆಹಣ್ಣನ್ನು ಪಾನಕಕ್ಕೆ ಹಿಂಡಬೇಡಿ, ಎಸೆದುಬಿಡಿ. ಅದರೊಳಗೆ ಲೋಹ ಕರಗಿರುತ್ತದೆ.)

ರಾಸಾಯನಿಕ ಕ್ರಿಯೆ ನಡೆದಲ್ಲಿ ಎಲೆಕ್ಟ್ರಾನುಗಳು ಕೈ ಬದಲಾಯಿಸುವುದು ಬಹಳ ಸಾಮಾನ್ಯ. ಹಾಗೆ ಕೈ ಬದಲಾಯಿಸುವ ಎಲೆಕ್ಟ್ರಾನುಗಳನ್ನು ಒಂದು ಲೋಹದ ತುದಿಯ ಮೂಲಕ ಹಾಯುವಂತೆ ಮಾಡಿದರೆ, ನಡೆದ ಕ್ರಿಯೆ ಎಷ್ಟು ಎಂಬುದನ್ನು ವಿದ್ಯುತ್ತಾಗಿ ಅಳೆಯಬಹುದು. ಆ ಲೋಹದ ತುದಿಗೆ ವಿದ್ಯುದ್ವಾರ ಎನ್ನುತ್ತೇವೆ. ಜೀವಿಗಳ ಅಣುಗಳನ್ನು ಹೀಗೆ ವಿದ್ಯುತ್ತಿನ ಲೆಕ್ಕಕ್ಕೆ ತರುವ ಸಾಧನವೇ ವಿದ್ಯುತ್ ರಾಸಾಯನಿಕ ಜೈವಿಕ ಸಂವೇದಕ. ಹೆಸರು ಉದ್ದ, ಆದರೆ ಅದರ ಒಂದು ಬಗೆ ನಿಮ್ಮ ಅಜ್ಜಿ ತಾತನ ಕಪಾಟಿನಲ್ಲೇ ಇರಬಹುದು. ಸಕ್ಕರೆ ಕಾಯಿಲೆ ಇರುವವರು ಬೆರಳು ಚುಚ್ಚಿ, ಪಟ್ಟಿಗೆ ರಕ್ತ ಮುಟ್ಟಿಸಿ, ಅಂಕಿ ಓದುತ್ತಾರಲ್ಲ, ಆ ಗ್ಲುಕೋಮೀಟರ್!

ಅದರ ಕಥೆ ಶುರುವಾಗುವುದು ಲೆಲ್ಯಾಂಡ್ ಕ್ಲಾರ್ಕ್ ಎಂಬ ಅಮೆರಿಕದ ವಿಜ್ಞಾನಿಯಿಂದ. ರಕ್ತದಲ್ಲಿರುವ ಆಮ್ಲಜನಕವನ್ನು ಅಳೆಯುವ ವಿದ್ಯುದ್ವಾರವನ್ನು ಅವರು 1956ರಲ್ಲಿ ಜಗತ್ತಿಗೆ ತಿಳಿಸಿದರು. ಹೃದಯದ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರಿಗೆ ಅದು ದೊಡ್ಡ ವರವಾಯಿತು. ಅಲ್ಲಿಗೆ ನಿಲ್ಲದೆ, 1962ರಲ್ಲಿ ಚಾಂಪ್ ಲಯನ್ಸ್ ಎಂಬುವರ ಜೊತೆ ಸೇರಿ ಅವರು ಅದೇ ವಿದ್ಯುದ್ವಾರದ ಮೇಲೆ ಒಂದು ಕಿಣ್ವದ ಪದರ ಕೂರಿಸುವ ಉಪಾಯ ಹೂಡಿದರು. ಗ್ಲುಕೋಸ್ ಆಕ್ಸಿಡೇಸ್ ಎಂಬ ಆ ಕಿಣ್ವ ಗ್ಲುಕೋಸನ್ನು ಮಾತ್ರ ಹಿಡಿದು, ಅದರಿಂದ ಎರಡು ಎಲೆಕ್ಟ್ರಾನುಗಳನ್ನು ಬಿಡಿಸುತ್ತದೆ. ಈಗಿನ ಮೀಟರುಗಳಲ್ಲಿ ಒಂದು ಮಧ್ಯವರ್ತಿ ಅಣು ಆ ಎಲೆಕ್ಟ್ರಾನುಗಳನ್ನು ವಿದ್ಯುದ್ವಾರದ ತನಕ ಒಯ್ದು ಮುಟ್ಟಿಸುತ್ತದೆ. ಗ್ಲುಕೋಸ್ ಹೆಚ್ಚಿದ್ದರೆ ವಿದ್ಯುತ್ ಹೆಚ್ಚು. ಕಡಿಮೆ ಇದ್ದರೆ ಕಡಿಮೆ. 1987ರ ಹೊತ್ತಿಗೆ ಪೆನ್ನಿನಷ್ಟು ಚಿಕ್ಕ ಮೀಟರು ಮಾರುಕಟ್ಟೆಗೆ ಬಂದಿತ್ತು. ಮನೆಯಲ್ಲೇ, ಯಾರ ಸಹಾಯವೂ ಇಲ್ಲದೆ, ವಯಸ್ಸಾದವರು ತಮ್ಮ ರಕ್ತವನ್ನು ತಾವೇ ಪರೀಕ್ಷಿಸಿಕೊಳ್ಳುವಂತಾದದ್ದು ವೈದ್ಯವಿಜ್ಞಾನದ ಬಹಳ ದೊಡ್ಡ ಗೆಲುವು ಎಂದು ನಾನು ನಂಬಿದ್ದೇನೆ.

ಹಾಗಾದರೆ ಎನ್‌ಎಸ್-1 ಅಳೆಯುವ ಮೀಟರೂ ಇಷ್ಟು ಹೊತ್ತಿಗೆ ಅಂಗಡಿಯಲ್ಲಿ ಸಿಗಬೇಕಿತ್ತಲ್ಲ ಎಂದು ನೀವು ಕೇಳಬಹುದು. ಕೇಳಲೇಬೇಕು! ಕಷ್ಟ ಇರುವುದು ಎರಡು ಕಡೆ.

ಮೊದಲನೆಯ ಕಷ್ಟ ಲೆಕ್ಕದ್ದು. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಒಂದು ಮಿಲಿಗ್ರಾಂ ಗ್ಲುಕೋಸ್ ಇರುತ್ತದೆ. ನ್ಯಾನೋಗ್ರಾಂ ಲೆಕ್ಕದಲ್ಲಿ ಹೇಳಿದರೆ 10 ಲಕ್ಷ. ಒಬ್ಬ ರೋಗಿಯ ರಕ್ತದಲ್ಲಿ ಮಿಲಿಲೀಟರಿಗೆ 50 ನ್ಯಾನೋಗ್ರಾಂ ಎನ್‌ಎಸ್-1 ಇದೆ ಎಂದುಕೊಳ್ಳಿ. ಗ್ಲುಕೋಸಿನ 20,000ದಲ್ಲಿ ಒಂದು ಪಾಲು ಮಾತ್ರ! ಅದೂ ಒಂಟಿಯಾಗಿಲ್ಲ. ರಕ್ತದ ತಿಳಿಯಾದ ದ್ರವದಲ್ಲಿ ಆಲ್ಬುಮಿನ್ ಎಂಬ ಒಂದೇ ಒಂದು ಪ್ರೋಟೀನು ಮಿಲಿಲೀಟರಿಗೆ ಸುಮಾರು 40 ಮಿಲಿಗ್ರಾಂ ಇರುತ್ತದೆ. ಭಾಗಿಸಿ ನೋಡಿ: ನಾವು ಹುಡುಕುವ ಪ್ರೋಟೀನಿನ ತೂಕಕ್ಕೆ ಎಂಟು ಲಕ್ಷ ಪಟ್ಟು ತೂಕದ ಆಲ್ಬುಮಿನ್ ಸುತ್ತ ಮುತ್ತಿಕೊಂಡಿದೆ. ಇದಲ್ಲದೆ ಒಂದು ಮೈಕ್ರೋಲೀಟರಿಗೆ, ಅಂದರೆ ಒಂದು ಮಿಲಿಲೀಟರಿನ ಸಾವಿರದ ಒಂದು ಭಾಗಕ್ಕೆ, 40ರಿಂದ 50 ಲಕ್ಷ ಕೆಂಪು ರಕ್ತಕಣಗಳು, ಒಂದೂವರೆ ಲಕ್ಷಕ್ಕೂ ಮೇಲ್ಪಟ್ಟು ಪ್ಲೇಟ್‌ಲೆಟ್‌ಗಳು.

ಹಾಗೆಂದು ಎದೆಗುಂದಬೇಡಿ. ಅಣುಗಳನ್ನು ತೂಗುವ ಬದಲು ಎಣಿಸಿದರೆ ಚಿತ್ರವೇ ಬದಲಾಗುತ್ತದೆ. ಅದೇ 50 ನ್ಯಾನೋಗ್ರಾಂ ಲೆಕ್ಕ ಹಿಡಿದರೆ, ಬೆರಳತುದಿಯ 20 ಮೈಕ್ರೋಲೀಟರ್ ಹನಿಯಲ್ಲಿ ಸುಮಾರು 200 ಕೋಟಿ ಎನ್‌ಎಸ್-1 ಪೀಪಾಯಿಗಳಿರುತ್ತವೆ. ನಮ್ಮ ದೇಶದ ಜನಸಂಖ್ಯೆಗಿಂತ ಹೆಚ್ಚು! ಹುಡುಕಲು ಬೇಕಾದಷ್ಟು ಇವೆ. ಗುಂಪಿನಲ್ಲಿ ಅವನ್ನೇ ಗುರುತಿಸುವುದು ಹೇಗೆ ಎಂಬುದಷ್ಟೇ ಪ್ರಶ್ನೆ.

ಎರಡನೆಯ ಕಷ್ಟ ಇನ್ನೂ ಮೂಲದ್ದು. ಗ್ಲುಕೋಸನ್ನು ಕಿಣ್ವಕ್ಕೆ ಒಪ್ಪಿಸಿದರೆ ಅದು ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಎನ್‌ಎಸ್-1 ಅಂಥ ಯಾವ ಕೊಡುಕೊಳ್ಳುವಿಕೆಗೂ ಸುಲಭವಾಗಿ ಒಪ್ಪುವ ಅಣುವಲ್ಲ. ಹಿಡಿದರೆ ಸುಮ್ಮನೆ ಕೂತಿರುತ್ತದೆ, ಅಷ್ಟೇ. ಸುಮ್ಮನೆ ಕೂತಿರುವುದನ್ನು ವಿದ್ಯುತ್ತಿನಿಂದ ಅಳೆಯುವುದು ಹೇಗೆ?

ಮೊದಲು ಹಿಡಿಯುವ ಕೆಲಸ ನೋಡೋಣ. ಅದಕ್ಕೆ ವಿಜ್ಞಾನಿಗಳು ನಮ್ಮ ಮೈಯ ವಿದ್ಯೆಯನ್ನೇ ಎರವಲು ಪಡೆದಿದ್ದಾರೆ. ಹೊರಗಿನಿಂದ ಏನಾದರೂ ಒಳನುಗ್ಗಿದರೆ ಅದಕ್ಕೆಂದೇ ಹೇಳಿ ಮಾಡಿಸಿದ ಹಾಗೆ ಪ್ರತಿಕಾಯಗಳನ್ನು ನಮ್ಮ ರಕ್ಷಣಾ ವ್ಯವಸ್ಥೆ ತಯಾರಿಸುತ್ತದೆ. ಪ್ರತಿಕಾಯ ಸುಮಾರು 10 ನ್ಯಾನೋಮೀಟರ್ ಗಾತ್ರದ, ಕವಲೊಡೆದ ಕೊಂಬೆಯ ಆಕಾರದ ಪ್ರೋಟೀನು. ಅದರ ಎರಡು ಕವಲುಗಳ ತುದಿಗಳು ಒಂದು ನಿರ್ದಿಷ್ಟ ಅಣುವಿನ ನಿರ್ದಿಷ್ಟ ಭಾಗವನ್ನು ಮಾತ್ರ ಹಿಡಿದುಕೊಳ್ಳುತ್ತವೆ. ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ದಾರಿಯನ್ನು 1975ರಲ್ಲಿ ಕೇಂಬ್ರಿಜ್‌ನಲ್ಲಿ ಜಾರ್ಜಸ್ ಕೋಹ್ಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ತೋರಿಸಿದರು; 1984ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಎನ್‌ಎಸ್-1 ಹಿಡಿಯುವ ಪ್ರತಿಕಾಯಗಳೂ ಹೀಗೆಯೇ ತಯಾರಾಗುತ್ತವೆ.

ಇನ್ನು ಆ ಪ್ರತಿಕಾಯಗಳನ್ನು ವಿದ್ಯುದ್ವಾರದ ಮೇಲೆ ಕೂರಿಸಬೇಕು. ಇದಕ್ಕೆ ಬಹಳ ಮಂದಿ ಚಿನ್ನವನ್ನು ಆರಿಸಿಕೊಳ್ಳುತ್ತಾರೆ. ಚಿನ್ನ ತುಕ್ಕು ಹಿಡಿಯುವುದಿಲ್ಲ, ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ. ಇನ್ನೂ ಒಂದು ಕಾರಣವಿದೆ: ಚಿನ್ನಕ್ಕೆ ಗಂಧಕ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಒಂದು ತುದಿಯಲ್ಲಿ ಗಂಧಕ ಇರುವ ಚಿಕ್ಕ ಸರಪಳಿಯಂಥ ಅಣುಗಳ ದ್ರಾವಣದಲ್ಲಿ ಚಿನ್ನವನ್ನು ಅದ್ದಿಟ್ಟರೆ, ಆ ಅಣುಗಳು ಯಾರೂ ಹೇಳದೆಯೇ ತಾವಾಗಿ ಚಿನ್ನದ ಮೇಲೆ ಒತ್ತಾಗಿ ಎದ್ದುನಿಲ್ಲುತ್ತವೆ. ಒಂದೇ ಅಣುವಿನ ದಪ್ಪದ ಪದರ ಅದು! ಸರಪಳಿಯ ಇನ್ನೊಂದು ತುದಿಗೆ ಪ್ರತಿಕಾಯವನ್ನು ಕಟ್ಟಿಹಾಕುತ್ತಾರೆ. ರಸಾಯನಶಾಸ್ತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿಗಳಲ್ಲಿ ಇದೂ ಒಂದು. ಕಣ್ಣಿಗೆ ಕಾಣದ ಅಣುಗಳು, ಕೈಯಿಂದ ಮುಟ್ಟಲಾಗದ ಅಣುಗಳು. ಆದರೂ ಅವುಗಳ ಸ್ವಭಾವ ತಿಳಿದಿದ್ದರೆ ನಮಗೆ ಬೇಕಾದಂತೆ ಅವು ತಾವೇ ಸಾಲಾಗಿ ನಿಲ್ಲುತ್ತವೆ.

ಚಿನ್ನ ಎಂದಾಕ್ಷಣ ದುಬಾರಿ ಎಂದುಕೊಳ್ಳಬೇಡಿ. ಬೇಕಾಗುವುದು ತೆಳುವಾದ ಒಂದು ಚುಕ್ಕೆಯಷ್ಟು. ಇಂಗಾಲದ ಮಸಿಯಲ್ಲಿ ಮುದ್ರಿಸಿದ ವಿದ್ಯುದ್ವಾರಗಳೂ ಉಂಟು. ಮದುವೆ ಪತ್ರಿಕೆಗಳನ್ನು ಅಚ್ಚು ಹಾಕಲು ಬಳಸುತ್ತಿದ್ದ ಸ್ಕ್ರೀನ್ ಪ್ರಿಂಟಿಂಗ್ ವಿಧಾನದಲ್ಲೇ, ಬಣ್ಣದ ಬದಲು ಇಂಗಾಲ ಮತ್ತು ಬೆಳ್ಳಿಯ ಮಸಿ ಹಾಕಿ, ಪ್ಲಾಸ್ಟಿಕ್ ಹಾಳೆಯ ಮೇಲೆ ಇವನ್ನು ಸಾವಿರಗಟ್ಟಲೆ ಮುದ್ರಿಸುತ್ತಾರೆ. ಪ್ರತಿ ಪಟ್ಟಿಯಲ್ಲೂ ಸಾಮಾನ್ಯವಾಗಿ ಮೂರು ವಿದ್ಯುದ್ವಾರಗಳು: ಅಳತೆ ನಡೆಯುವುದು ಒಂದರ ಮೇಲೆ, ವೋಲ್ಟೇಜನ್ನು ಹೋಲಿಸಿ ನೋಡಲು ಇನ್ನೊಂದು, ವಿದ್ಯುತ್ತಿನ ಸುತ್ತು ಪೂರ್ತಿಯಾಗಲು ಮೂರನೆಯದು.

ಈಗ ಅಳೆಯುವ ಕೆಲಸ. ಇಲ್ಲಿ ಒಂದು ಸೊಗಸಾದ ಯುಕ್ತಿ ಇದೆ. ಎನ್‌ಎಸ್-1 ತಾನು ಎಲೆಕ್ಟ್ರಾನು ಕೊಡುವುದಿಲ್ಲ ತಾನೆ? ಹಾಗಾದರೆ ಕೊಡುವ ಇನ್ನೊಂದು ಅಣುವನ್ನು ದ್ರಾವಣಕ್ಕೆ ನಾವೇ ಹಾಕೋಣ. ಸಾಮಾನ್ಯವಾಗಿ ಬಳಸುವುದು ಫೆರೋಸಯನೈಡ್ ಮತ್ತು ಫೆರಿಸಯನೈಡ್ ಎಂಬ ಜೋಡಿ. ಎರಡರಲ್ಲೂ ನಡುವೆ ಒಂದು ಕಬ್ಬಿಣದ ಪರಮಾಣು ಇದೆ. ಅದು ಒಂದು ಎಲೆಕ್ಟ್ರಾನನ್ನು ಸುಲಭವಾಗಿ ಕೊಡುತ್ತದೆ, ಮತ್ತೆ ಸುಲಭವಾಗಿ ತೆಗೆದುಕೊಳ್ಳುತ್ತದೆ. ಪ್ರತಿಕಾಯ ಕೂತಿರುವ ವಿದ್ಯುದ್ವಾರಕ್ಕೆ ಒಂದು ಅತಿ ಚಿಕ್ಕ ವೋಲ್ಟೇಜನ್ನು, ವೋಲ್ಟಿನ ನೂರನೇ ಒಂದು ಭಾಗದಷ್ಟನ್ನು, ಹಿಂದಕ್ಕೂ ಮುಂದಕ್ಕೂ ಏರಿಳಿಸುತ್ತಾರೆ. ಅದಕ್ಕೆ ತಕ್ಕಂತೆ ಈ ಕಬ್ಬಿಣದ ಅಣುಗಳು ವಿದ್ಯುದ್ವಾರದ ಹತ್ತಿರ ಬಂದು ಎಲೆಕ್ಟ್ರಾನು ಕೊಟ್ಟು, ತೆಗೆದುಕೊಂಡು ಮಾಡುತ್ತಿರುತ್ತವೆ. ಎಷ್ಟು ಸಲೀಸಾಗಿ ಈ ವ್ಯವಹಾರ ನಡೆಯುತ್ತಿದೆ ಎಂದು ಮೀಟರು ಅಳೆದು ಇಟ್ಟುಕೊಳ್ಳುತ್ತದೆ.

ಈಗ ರಕ್ತದ ಮಾದರಿ ಬಿದ್ದಿತು. ಅದರಲ್ಲಿ ಎನ್‌ಎಸ್-1 ಇದ್ದರೆ ಪ್ರತಿಕಾಯಗಳು ಅವನ್ನು ಹಿಡಿದುಕೊಳ್ಳುತ್ತವೆ. ನೀವು ಟೀ ಸೋಸುವುದನ್ನು ನೋಡಿದ್ದೀರಿ. ತೊಳೆದ ಜಾಲರಿಯಲ್ಲಿ ಟೀ ಸರಾಗವಾಗಿ ಇಳಿಯುತ್ತದೆ. ಟೀಪುಡಿ ತುಂಬಿಕೊಳ್ಳುತ್ತ ಹೋದಂತೆ ಇಳಿಯುವುದು ನಿಧಾನವಾಗುತ್ತದೆ. ಎಷ್ಟು ನಿಧಾನವಾಯಿತು ಎಂಬುದರಿಂದಲೇ ಎಷ್ಟು ಪುಡಿ ಕೂತಿದೆ ಎಂದು ಅಂದಾಜು ಮಾಡಬಹುದು. ವಿದ್ಯುದ್ವಾರದ ಮೇಲೂ ಹಾಗೆಯೇ. ಎನ್‌ಎಸ್-1 ಪೀಪಾಯಿಗಳು ಬಂದು ಕೂತಷ್ಟೂ ಕಬ್ಬಿಣದ ಅಣುಗಳಿಗೆ ಚಿನ್ನವನ್ನು ತಲುಪುವ ದಾರಿ ಇಕ್ಕಟ್ಟಾಗುತ್ತದೆ, ತಡೆ ಹೆಚ್ಚುತ್ತದೆ. ತಡೆ ಎಷ್ಟು ಏರಿತು ಎಂಬ ಅಂಕಿಯೇ ಎನ್‌ಎಸ್-1 ಎಷ್ಟಿದೆ ಎಂಬುದಕ್ಕೆ ಉತ್ತರ. ಸುಮ್ಮನೆ ಕೂರುವ ಅಣು, ಸುಮ್ಮನೆ ಕೂತೇ ತನ್ನ ಲೆಕ್ಕ ಒಪ್ಪಿಸಿತು!

ಇನ್ನೊಂದು ವಿಧಾನವೂ ಇದೆ. ಎನ್‌ಎಸ್-1 ಹಿಡಿದಾದ ಮೇಲೆ ಅದರ ಮೇಲೆ ಇನ್ನೊಂದು ಪ್ರತಿಕಾಯವನ್ನು ಕೂರಿಸುತ್ತಾರೆ. ಈ ಎರಡನೆಯದು ತನ್ನ ಜೊತೆ ಒಂದು ಕಿಣ್ವವನ್ನು ಕಟ್ಟಿಕೊಂಡು ಬಂದಿರುತ್ತದೆ. ಬಹಳವಾಗಿ ಬಳಕೆಯಲ್ಲಿರುವ ಒಂದು ಕಿಣ್ವವನ್ನು ಹಾರ್ಸ್‌ರ‍್ಯಾಡಿಶ್ ಎಂಬ ಗಿಡದ ಬೇರಿನಿಂದ ತೆಗೆಯುತ್ತಾರೆ. ಅದು ನಮ್ಮ ಸಾಸಿವೆ, ಮೂಲಂಗಿಗಳ ಕುಟುಂಬಕ್ಕೆ ಸೇರಿದ ಗಿಡ. ಕಿಣ್ವಕ್ಕೆ ಬೇಕಾದ ರಾಸಾಯನಿಕವನ್ನು ಹಾಕಿದರೆ ಒಂದೊಂದು ಕಿಣ್ವವೂ ಸಾವಿರಾರು ಅಣುಗಳನ್ನು ಬದಲಾಯಿಸುತ್ತದೆ. ಆ ಬದಲಾದ ಅಣುಗಳು ವಿದ್ಯುದ್ವಾರದಲ್ಲಿ ಎಲೆಕ್ಟ್ರಾನು ಪಡೆಯುತ್ತವೆ ಅಥವಾ ಕೊಡುತ್ತವೆ. ಒಂದು ಎನ್‌ಎಸ್-1ಗೆ ಸಾವಿರಾರು ಎಲೆಕ್ಟ್ರಾನುಗಳ ದನಿ ಸಿಕ್ಕಿತು. ಮೊದಲ ವಿಧಾನ ಸರಳ. ಇದಕ್ಕೆ ಹಂತಗಳು ಹೆಚ್ಚು, ಆದರೆ ಅಳತೆ ಹೆಚ್ಚು ನಂಬಿಕೆಗೆ ಅರ್ಹ.

ಯಾಕೆ ನಂಬಿಕೆಯ ಮಾತು ಬಂತು? ಟೀ ಜಾಲರಿಗೇ ಮತ್ತೆ ಹೋಗೋಣ. ಜಾಲರಿ ಕಟ್ಟಿಕೊಳ್ಳುವುದು ಪುಡಿಯಿಂದ ಮಾತ್ರವೇ? ಹಾಲಿನ ಕೆನೆ ಬಂದು ಕೂತರೂ ಟೀ ನಿಧಾನವಾಗುತ್ತದೆ. ಹೊರಗೆ ನಿಂತು ಟೀ ಇಳಿಯುವ ವೇಗವನ್ನಷ್ಟೇ ನೋಡುವವರಿಗೆ ಅದು ಪುಡಿಯೋ ಕೆನೆಯೋ ತಿಳಿಯುವುದಿಲ್ಲ. ರಕ್ತದಲ್ಲಿ ಆ ಕೆನೆಯ ಪಾತ್ರ ಆಲ್ಬುಮಿನ್ನಿನದು. ಎಂಟು ಲಕ್ಷ ಪಟ್ಟು ಇದೆ ಎಂದೆನಲ್ಲ, ಅದರಲ್ಲಿ ಚೂರೇ ಚೂರು ವಿದ್ಯುದ್ವಾರಕ್ಕೆ ಮೆತ್ತಿಕೊಂಡರೂ ಮೀಟರು ಮೋಸ ಹೋಗುತ್ತದೆ. ಡೆಂಗಿ ಇಲ್ಲದವರಿಗೂ ಇದೆ ಎಂದುಬಿಡುತ್ತದೆ.

ಈ ವಿಷಯದಲ್ಲಿ ದುಡಿಯುವವರ ಹೆಚ್ಚಿನ ಶ್ರಮ ಹೋಗುವುದು ಇಲ್ಲಿಗೇ. ಪ್ರತಿಕಾಯಗಳ ನಡುವೆ ಖಾಲಿ ಉಳಿದ ಜಾಗವನ್ನು ಮೊದಲೇ ಬೇರೊಂದು ಪ್ರೋಟೀನಿನಿಂದ ಮುಚ್ಚಿಬಿಡುತ್ತಾರೆ. ಹಸುವಿನ ರಕ್ತದ ಆಲ್ಬುಮಿನ್ ಅಥವಾ ಹಾಲಿನ ಕೇಸಿನ್ ಈ ಕೆಲಸಕ್ಕೆ ಬಳಕೆಯಾಗುತ್ತವೆ. ನೀರನ್ನು ತನ್ನ ಸುತ್ತ ಬಿಗಿಯಾಗಿ ಹಿಡಿದುಕೊಳ್ಳುವ ಅಣುಗಳ ಹೊದಿಕೆ ಹಾಕಿದರೆ ಪ್ರೋಟೀನುಗಳು ಹತ್ತಿರ ಬಂದರೂ ಅಂಟುವುದಿಲ್ಲ. ಪಕ್ಕದಲ್ಲೇ ಎನ್‌ಎಸ್-1 ಹಿಡಿಯುವ ಪ್ರತಿಕಾಯ ಇಲ್ಲದ ಇನ್ನೊಂದು ವಿದ್ಯುದ್ವಾರವನ್ನು ಇಟ್ಟು, ಅದಕ್ಕೂ ಅದೇ ರಕ್ತ ಮುಟ್ಟಿಸುವುದು ಮತ್ತೊಂದು ಉಪಾಯ. ಅದರ ಮೇಲೆ ಏನಾದರೂ ಕೂತರೆ ಅದು ಖಂಡಿತ ಎನ್‌ಎಸ್-1 ಅಲ್ಲ. ಆ ಅಂಕಿಯನ್ನು ಮೊದಲನೆಯದರಿಂದ ಕಳೆದರೆ ನಿಜವಾದ ಉತ್ತರ ಉಳಿಯುತ್ತದೆ. ಎರಡನೇ ತರಗತಿಯ ಕಳೆಯುವ ಲೆಕ್ಕ ಇಷ್ಟು ದೊಡ್ಡ ವಿಜ್ಞಾನದಲ್ಲಿ ಹೇಗೆ ಕೆಲಸಕ್ಕೆ ಬರುತ್ತದೆ ನೋಡಿ.

ಇನ್ನೊಂದು ತೊಡಕು ವೈರಸ್ಸಿನ ನೆಂಟರಿಂದ ಬರುತ್ತದೆ. ಡೆಂಗಿ ವೈರಸ್ಸು ಫ್ಲಾವಿವೈರಸ್ ಎಂಬ ಬಳಗಕ್ಕೆ ಸೇರಿದ್ದು. ಝೀಕಾ, ಮೆದುಳು ಜ್ವರ ತರುವ ಜಪಾನೀಸ್ ಎನ್ಸೆಫಲೈಟಿಸ್ ವೈರಸ್ಸು ಅದೇ ಬಳಗದವು. ನಮ್ಮ ಮಲೆನಾಡಿನ ಮಂಗನ ಕಾಯಿಲೆಯ ವೈರಸ್ಸೂ ಅದೇ ಬಳಗದ್ದು. ಅದು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದದ್ದು. ಹರಡುವುದು ಸೊಳ್ಳೆಯಿಂದಲ್ಲ, ಉಣ್ಣೆಯಿಂದ. ಈ ಬಳಗದ ಪ್ರತಿಯೊಂದಕ್ಕೂ ತನ್ನದೇ ಆದ ಎನ್‌ಎಸ್-1 ಇದೆ, ಮತ್ತು ಅವು ಒಂದನ್ನೊಂದು ಹೋಲುತ್ತವೆ. ಹಾಗಾಗಿ ಹೋಲಿಕೆ ಇರುವ ಭಾಗವನ್ನು ಬಿಟ್ಟು, ಡೆಂಗಿಯದಕ್ಕೆ ಮಾತ್ರ ಇರುವ ಗುರುತನ್ನು ಹಿಡಿಯುವ ಪ್ರತಿಕಾಯವನ್ನು ಹುಡುಕಿ ಆರಿಸಬೇಕು. ಡೆಂಗಿಯಲ್ಲೇ ನಾಲ್ಕು ಬಗೆ ಬೇರೆ. ಆ ನಾಲ್ಕನ್ನೂ ಬಿಡದೆ ಹಿಡಿಯಬೇಕು! ಎರಡನೇ ಸಲ ಡೆಂಗಿ ಬಂದವರ ರಕ್ತದಲ್ಲಿ ಇನ್ನೊಂದು ಸಮಸ್ಯೆ: ಹಿಂದಿನ ಸಲದ ನೆನಪಿನಿಂದ ಮೈ ಬೇಗನೆ ತಯಾರಿಸಿದ ಪ್ರತಿಕಾಯಗಳು ಎನ್‌ಎಸ್-1ನ್ನು ಮೊದಲೇ ಸುತ್ತುವರಿದು ಮುಚ್ಚಿಬಿಡುತ್ತವೆ. ಪರೀಕ್ಷೆಗೆ ಅದು ಕಾಣದೆ ಹೋಗಬಹುದು. ಇದು ಯಂತ್ರದ ತಪ್ಪಲ್ಲ, ನಮ್ಮ ಮೈಯೇ ಒಡ್ಡುವ ತೊಡಕು.

ಹಾಗಾದರೆ ಈಗ ಎಲ್ಲಿಗೆ ಬಂದಿದ್ದೇವೆ? ದೊಡ್ಡ ಲ್ಯಾಬುಗಳ ಯಂತ್ರಗಳಲ್ಲಿ ವಿದ್ಯುದ್ವಾರದ ಮೇಲೆ ವೈರಸ್ ಪ್ರೋಟೀನು ಹಿಡಿಯುವ ಕೆಲಸ ದಿನವೂ ನಡೆಯುತ್ತಿದೆ. ಹೆಪಟೈಟಿಸ್ ಬಿ ವೈರಸ್ಸಿನ ಹೊರಮೈ ಪ್ರೋಟೀನನ್ನು ಹುಡುಕುವ ಒಂದು ವಿಧಾನದಲ್ಲಿ, ವಿದ್ಯುತ್ ಹಾಯಿಸಿದಾಗ ರುಥೇನಿಯಂ ಎಂಬ ಲೋಹದ ಸಂಯುಕ್ತ ಬೆಳಕು ಚೆಲ್ಲುತ್ತದೆ. ಆ ಬೆಳಕನ್ನು ಅಳೆಯುತ್ತಾರೆ. ಆದರೆ ಆ ಯಂತ್ರಗಳು ಆರೋಗ್ಯ ಕೇಂದ್ರದ ಮೇಜಿನ ಮೇಲೆ ಕೂರುವಂಥವಲ್ಲ. ಅಂಗೈಯಗಲದ ಸಾಧನದ ಕಡೆಗೆ ಬೆಂಗಳೂರಿನಲ್ಲೂ ಒಳ್ಳೆಯ ಕೆಲಸ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ನವಕಾಂತ ಭಟ್ ಮತ್ತು ಸಂಗಡಿಗರು ಸಕ್ಕರೆ ಕಾಯಿಲೆಯವರಿಗಾಗಿ ವಿದ್ಯುತ್ ರಾಸಾಯನಿಕ ಸಂವೇದಕಗಳನ್ನು ರೂಪಿಸಿದರು. ಅಲ್ಲಿ ಹುಟ್ಟಿದ ಪಾಥ್‌ಶೋಧ್ ಎಂಬ ಕಂಪನಿ 2021ರಲ್ಲಿ ಕೋವಿಡ್ ಪ್ರತಿಕಾಯಗಳನ್ನು ಇದೇ ತತ್ವದಿಂದ ಅಳೆಯುವ ಪರೀಕ್ಷೆಯನ್ನು ಮುಂದಿಟ್ಟಿತು. ಅದು ಅಳೆದದ್ದು ವೈರಸ್ಸಿನ ಪ್ರೋಟೀನನ್ನಲ್ಲ, ವೈರಸ್ಸಿಗೆ ಉತ್ತರವಾಗಿ ನಮ್ಮ ಮೈ ತಯಾರಿಸಿದ್ದನ್ನು. ಎನ್‌ಎಸ್-1 ಅಳೆಯುವ ವಿದ್ಯುದ್ವಾರಗಳ ಮೇಲಿನ ಕೆಲಸ ಬಹುಪಾಲು ಇನ್ನೂ ಪ್ರಯೋಗಾಲಯಗಳಲ್ಲೇ ಇದೆ. ಗ್ಲುಕೋಮೀಟರಿನಷ್ಟು ಸಲೀಸಾಗಿ ಅದು ನಮ್ಮ ಕೈಗೆ ಬಂದಿಲ್ಲ.

ಇಂಥ ಸಾಧನಗಳ ಬಗ್ಗೆ ಓದುವಾಗ ‘ಅತ್ಯಂತ ಸೂಕ್ಷ್ಮ’, ‘ಅತಿ ಕಡಿಮೆ ಪ್ರಮಾಣವನ್ನೂ ಪತ್ತೆ ಹಚ್ಚುತ್ತದೆ’ ಎಂಬ ಮಾತುಗಳು ಮೇಲಿಂದ ಮೇಲೆ ಸಿಗುತ್ತವೆ. ಆಗ ನೀವು ಒಂದು ಪ್ರಶ್ನೆ ಕೇಳಬೇಕು: ಯಾವುದರಲ್ಲಿ ಪತ್ತೆ ಹಚ್ಚಿತು? ಶುದ್ಧವಾದ ಉಪ್ಪುನೀರಿಗೆ ಎನ್‌ಎಸ್-1 ಬೆರೆಸಿ ಅಳೆದರೆ ಸುತ್ತ ಆಲ್ಬುಮಿನ್ ಇಲ್ಲ, ರಕ್ತಕಣಗಳಿಲ್ಲ, ನೆಂಟ ವೈರಸ್ಸುಗಳಿಲ್ಲ. ಅಲ್ಲಿ ಗೆಲ್ಲುವುದು ಕಲಿಕೆಯ ಒಂದು ಹಂತ ಮಾತ್ರ. ಉಪ್ಪುನೀರಿನಲ್ಲಿ ಕಣದಷ್ಟನ್ನು ಕಾಣುವ ಸಾಧನಕ್ಕಿಂತ, ಜ್ವರದ ಮಗುವಿನ ರಕ್ತದಲ್ಲಿ ಸಾಕಷ್ಟನ್ನು ತಪ್ಪಿಲ್ಲದೆ ಹೇಳುವ ಸಾಧನವೇ ಮೇಲು ಎಂಬುದು ನನ್ನ ತೀರ್ಮಾನ. ಫ್ರಿಜ್ ಇಲ್ಲದ ಕಡೆ ಪ್ರತಿಕಾಯಗಳು ಕೆಡದೆ ಉಳಿಯಬೇಕು, ನೂರನೆಯ ಪಟ್ಟಿಯೂ ಮೊದಲನೆಯದರ ಹಾಗೆಯೇ ಅಂಕಿ ತೋರಿಸಬೇಕು, ಬೆಲೆ ಬಡವರ ಕೈಗೆಟುಕಬೇಕು. ಇವು ಪತ್ರಿಕೆಯಲ್ಲಿ ಸುದ್ದಿಯಾಗುವಂಥ ಸಾಧನೆಗಳಲ್ಲ. ಆದರೆ ಇವಿಲ್ಲದೆ ಯಾವ ಸಂವೇದಕವೂ ಆಸ್ಪತ್ರೆಯ ಬಾಗಿಲು ದಾಟಿ ಒಳಗೆ ಬರಲಾರದು.

ಆ ಮೀಟರು ಬರುವ ತನಕ, ಬಂದ ಮೇಲೂ, ನೀವು ಮಾಡಬಹುದಾದ ಒಂದು ಕೆಲಸವಿದೆ. ಎನ್‌ಎಸ್-1 ರಕ್ತದಲ್ಲಿ ಚೆನ್ನಾಗಿ ಕಾಣುವುದು ಜ್ವರದ ಮೊದಲ ದಿನಗಳಲ್ಲಿ. ನಮ್ಮ ದೇಶದ ಡೆಂಗಿ ಮಾರ್ಗಸೂಚಿಯೂ ಐದನೆಯ ದಿನದವರೆಗೆ ಎನ್‌ಎಸ್-1 ಪರೀಕ್ಷೆ, ಆಮೇಲೆ ಪ್ರತಿಕಾಯದ ಪರೀಕ್ಷೆ ಎನ್ನುತ್ತದೆ. ಅಂದರೆ ಯಾವ ಪರೀಕ್ಷೆ ಬರೆಯಬೇಕು, ಬಂದ ಉತ್ತರವನ್ನು ಎಷ್ಟು ನಂಬಬೇಕು ಎಂಬುದು ಜ್ವರ ಎಂದು ಶುರುವಾಯಿತು ಎಂಬುದರ ಮೇಲೆ ನಿಂತಿದೆ. ಗಾಬರಿಯಲ್ಲಿ ದೊಡ್ಡವರು ಅದನ್ನೇ ಮರೆಯುತ್ತಾರೆ. ‘ಮೊನ್ನೆಯೋ ಆಚೆ ಮೊನ್ನೆಯೋ’ ಎನ್ನುತ್ತಾರೆ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ, ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮೇಲೆ ಪೆನ್ನಿನಿಂದ ಒಂದು ಗುರುತು ಹಾಕಿ, ಪಕ್ಕದಲ್ಲಿ ಹೊತ್ತನ್ನೂ ಬರೆದಿಡಿ. ಆಸ್ಪತ್ರೆಗೆ ಹೋದಾಗ ಡಾಕ್ಟರಿಗೆ ಅದನ್ನು ನೀವೇ ಹೇಳಿ.